ಮೆಟ್ಟಿಲಿಗೆ ಬಿಟ್ಟ ಅಂಕಣ

"ಇದು ಆಗೋ ಮಾತಲ್ಲ" ಎಂದು ಮೊದಲು ಹೇಳಿದವರು ಅಕ್ಕಾರ ಸ್ವಂತ ಅಣ್ಣ. ಭಾನುವಳ್ಳಿಯಿಂದ ಬಸ್ಸಿನಲ್ಲಿ ಹರಿಹರಕ್ಕೆ, ಹರಿಹರದಿಂದ ರೈಲಿನಲ್ಲಿ ದಾವಣಗೆರೆಗೆ ಬಂದು, ಹೆಗಲ ಮೇಲಿನ ಟವೆಲ್ಲನ್ನೂ ಇಳಿಸದೆ ತಂಗಿಯ ಖಾನಾವಳಿಯ ಬಾಗಿಲಲ್ಲಿ ನಿಂತೇ ಅಂದರು.

"ಎಂಟು ಮಂದಿ ಕೂಡಿ ಒಂದು ಎಮ್ಮೆ ಕೊಳ್ತಾರೇನವಾ? ಕೊಂಡ್ರು ಅಂತ ಇಟ್ಕೋ. ಹಾಲು ಯಾರು ಹಿಂಡ್ಬೇಕು? ಸಗಣಿ ಯಾರು ಬಳೀಬೇಕು? ಮನೆ ಅಂದ್ರೆ ಅದಕ್ಕೊಂದು ನೆಲ ಬೇಕು, ಹಿತ್ತಲು ಬೇಕು. ಇಲ್ಲಿ ನೋಡಿದ್ರೆ ನಾಕು ಮನೆ ನೆಲದ ಮ್ಯಾಲಂತೆ, ನಾಕು ಮನೆ ಗಾಳ್ಯಾಗಂತೆ. ಆಗೋ ಮಾತಲ್ಲ ಇದು. ಸುಮ್ನೆ ನಮ್ಮನೀಗೆ ಬಾ."

ಅಕ್ಕಾರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಒಳಗೆ ಬಾ ಅಣ್ಣಾ. ನಿಂತು ಬೈಬ್ಯಾಡ. ಕುಂತು, ಉಂಡು, ಆಮ್ಯಾಲೆ ಬೈ" ಎಂದರು.

ಹೋದ ತಿಂಗಳು ಅಕ್ಕಾರನ್ನು ಮಣ್ಣು ಮಾಡಿ ಬಂದೆವು. ಅವರ ಮನೆಗೆ ಈಗ ಆ ಅಣ್ಣನ ಮೊಮ್ಮಗಳು ಕಾಲೇಜು ಓದಲು ಬರುತ್ತಾಳಂತೆ. ಅವಳು ಬರುವ ಮುಂಚೆ ಸುಣ್ಣ ಹೊಡೆಸೋಣವೆಂದು ಆಳನ್ನು ಕರೆಸಿದೆ. ಮೆಟ್ಟಿಲ ಕೆಳಗಿನ ಒಂದು ಗೋಡೆಯನ್ನು ಮಾತ್ರ ಮುಟ್ಟಬೇಡ ಎಂದಾಗ ಅವನು ನಕ್ಕ. "ಕಲೆ ಬಿದ್ದಿರೋದೇ ಅದ್ರೀ ಸಾಹೇಬ್ರೆ. ಅದನ್ನೇ ಬಿಡು ಅಂತೀರಲ್ಲ!" ಈ ಕಟ್ಟಡದ ಎಂಟು ಮನೆಯವರು ಕೂಡಿದ ನಮ್ಮ ಸಂಘದ ಸದಸ್ಯರೂ ಕೇಳಿದರು. ಅವರಿಗೆ ಏನೋ ಒಂದು ಹೇಳಿ ಕಳಿಸಿದೆ. ಮೀಟಿಂಗಿನಲ್ಲಿ ಹೇಳಿ ತಿಳಿಸುವ ಸಂಗತಿಯಲ್ಲ ಅದು. ಈ ಮನೆಯ ಮೀಟಿಂಗುಗಳಲ್ಲಿ ಮಾತಾಡಿ ಮಾತಾಡಿ ನನಗೂ ಸಾಕಾಗಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರು ಹಿಡಿದು ಯಾರೂ ಅವರನ್ನು ಕರೆಯಲಿಲ್ಲ. ಮಿಲ್ಲಿನವರು, ಕಾಲೇಜಿನ ಹುಡುಗರು, ಮಂಡಿಯ ಗುಮಾಸ್ತರು, ಎಲ್ಲರಿಗೂ ಅಕ್ಕಾರು. ನನಗೂ ಅಷ್ಟೇ ಸಾಕು.

ನಾನು ಕೊಕ್ಕನೂರಿನವನು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದವನೇ ನಾನು ಮೊದಲು. ಬಿ.ಎ. ಎಂಬ ಎರಡಕ್ಷರಕ್ಕೆ ನಾನು ಪಟ್ಟ ಪಾಡು ನನಗೆ ಗೊತ್ತು. ಹೆಸರಿನ ಮುಂದೆ ಅದನ್ನು ಬರೆದುಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಈಗಲೂ ಬಾಗಿಲ ಮೇಲಿನ ಹಲಗೆಯಲ್ಲಿ ಬರೆದಿದೆ. ಕಾಲೇಜಿಗೆಂದು ದಾವಣಗೆರೆಗೆ ಬಂದಾಗ ಊಟಕ್ಕೆ ಸೇರಿದ್ದು ಅಕ್ಕಾರ ಖಾನಾವಳಿಗೆ.

ಅರಳೆ ವ್ಯಾಪಾರದ ಸಾಹುಕಾರರೊಬ್ಬರು ಕಟ್ಟಿಸಿದ ದೊಡ್ಡ ಮಾಳಿಗೆ ಮನೆ ಅದು. ಕೆಳಗೆ ನಾಲ್ಕು ಸಂಸಾರ, ಮೇಲೆ ನಾಲ್ಕು ಸಂಸಾರ ಬಾಡಿಗೆಗೆ ಇದ್ದವು. ನಮ್ಮ ಕಡೆ ಮನೆಯನ್ನು ಅಡಿಗಳಲ್ಲಿ ಅಳೆಯುವುದಿಲ್ಲ, ಅಂಕಣಗಳಲ್ಲಿ ಎಣಿಸುತ್ತಾರೆ. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಎಷ್ಟು ಜಾಗವೋ ಅಷ್ಟು ಒಂದು ಅಂಕಣ. ಅಕ್ಕಾರಿಗೆ ಕೆಳಗೆ ಬೀದಿ ಕಡೆಯ ಮೂರು ಅಂಕಣ ಇದ್ದವು. ಹಿಂದಿನದರಲ್ಲಿ ಒಲೆ, ನಡುವಿನದರಲ್ಲಿ ಜೋಳದ ಚೀಲ, ಹಾಸಿಗೆ ಮತ್ತು ಅಕ್ಕಾರು. ಮುಂದಿನ ಅಂಕಣದಲ್ಲಿ ನಾವು ಸಾಲಾಗಿ ಕೂತು ಉಣ್ಣುತ್ತಿದ್ದೆವು. ಮೂರರಲ್ಲಿ ಬೆಳಕು, ಗಾಳಿ ಇದ್ದದ್ದು ಆ ಮುಂದಿನದರಲ್ಲಿ ಮಾತ್ರ.

ಅವರ ಗಂಡ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದರಂತೆ. ಮದುವೆಯಾದ ಕೆಲವೇ ವರ್ಷಕ್ಕೆ ಹೋಗಿಬಿಟ್ಟರು, ಮಕ್ಕಳಿಲ್ಲ. ಅವರ ಬಗ್ಗೆ ಅಕ್ಕಾರು ಹೇಳುತ್ತಿದ್ದದ್ದು ಒಂದೇ ಮಾತು: "ಒಳ್ಳೇರಿದ್ರು. ಉಪ್ಪು ಕಮ್ಮಿ ತಿಂತಿದ್ರು."

ಅಲ್ಲಿಗೆ ಸೇರಿದ ಮೊದಲ ದಿನವೇ ನಾನು ಬೈಸಿಕೊಂಡೆ. ಕೊಕ್ಕನೂರಿನಿಂದ ನಡೆದು, ಬಸ್ಸು ಹಿಡಿದು ಬಂದ ಆಯಾಸಕ್ಕೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. "ಏಯ್ ತಮ್ಮಾ, ಗ್ವಾಡೆ ಬಿಟ್ಟು ಕುಂದ್ರು" ಎಂದು ಒಳಗಿನಿಂದ ಕೂಗು ಬಂತು. ಪಕ್ಕದಲ್ಲಿ ಉಣ್ಣುತ್ತಿದ್ದ ಹಳಬನೊಬ್ಬ, "ಇಲ್ಲಿ ಏನ್ ಬೇಕಾದ್ರೂ ಮಾಡ್ರಿ, ಗ್ವಾಡೆ ಒಂದು ಮುಟ್ಟಬ್ಯಾಡ್ರಿ" ಎಂದು ಪಿಸುಗುಟ್ಟಿದ.

ಆಮೇಲೆ ಗಮನಿಸಿದೆ, ಅಕ್ಕಾರೂ ಎಂದೂ ಗೋಡೆಗೆ ಒರಗುತ್ತಿರಲಿಲ್ಲ. ಮಧ್ಯಾಹ್ನದ ಪಂಕ್ತಿ ಮುಗಿದು ಕೈ ತೊಳೆದು ಬಂದರೆ ಅಂಕಣದ ನಟ್ಟನಡುವೆ ಕಾಲು ಚಾಚಿ, ಎರಡೂ ಅಂಗೈ ಹಿಂದಕ್ಕೆ ನೆಲಕ್ಕೆ ಊರಿ ಕೂರುತ್ತಿದ್ದರು. ಬೆಳಗಿನಿಂದ ಒಲೆಯ ಮುಂದೆ ಬಗ್ಗಿದ ಬೆನ್ನು ಅದು. ಎರಡು ಮಾರು ಆಚೆ ಗೋಡೆ ಇದ್ದರೂ ಅದಕ್ಕೆ ಆನಿಸುತ್ತಿರಲಿಲ್ಲ. ಗೋಡೆಗೆ ಒಂದು ಮೊಳೆಯೂ ಇರಲಿಲ್ಲ. ಬಟ್ಟೆಗಳೆಲ್ಲ ತೊಲೆಯಿಂದ ತೊಲೆಗೆ ಕಟ್ಟಿದ ಹಗ್ಗದ ಮೇಲೆ. ದೇವರ ಪಟವೂ ಗೋಡೆಗೆ ತಾಗುವಂತಿರಲಿಲ್ಲ. ಅದನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟಿದ್ದರು. ಹಿಟ್ಟು ತೆಗೆಯುವಾಗೆಲ್ಲ "ಸ್ವಲ್ಪ ಸರಿಯಪ್ಪಾ" ಎಂದು ಪಕ್ಕಕ್ಕಿಡುತ್ತಿದ್ದರು.

ಸಲಿಗೆ ಬೆಳೆದ ಮೇಲೆ ಒಮ್ಮೆ ಕೇಳಿದೆ.

"ತಲೆಗೆ ಎಣ್ಣೆ ಹಚ್ಚಿರ್ತೀವಿ. ಒರಗಿದ್ರೆ ಕಲೆ ಆಗ್ತೈತೆ" ಎಂದರು. "ಮಂದಿ ಗ್ವಾಡೆ. ಹರಿಹರದಾಗ ಹೊಳೆ ಕಡೆ ಒಂದು ಮನ್ಯಾಗಿದ್ವಿ. ಇವರು ತೀರ್ಕೊಂಡ ವರ್ಷನೇ ಖಾಲಿ ಮಾಡು ಅಂದ್ರು. ಸಾಮಾನು ಗಾಡಿಗೆ ಹೇರೋ ಹೊತ್ನಾಗ ಆ ಮನೆಯಾಕಿ ಓಣಿ ಹೆಂಗಸ್ರನ್ನೆಲ್ಲ ಕರೆದು ತೋರ್ಸಿದ್ಲು. ನೋಡ್ರೇ, ಹೆಂಗ್ ಜಿಡ್ಡು ಮಾಡ್ಯಾಳೆ ಗ್ವಾಡೇನ ಅಂತ. ಒಂದು ಬೊಗಸೆಯಷ್ಟು ಕಲೆ. ಅದು ನಂದೂ ಅಲ್ಲ, ಇವರ್ದು. ಜ್ವರ ಬಂದು ಒರಗಿ ಕುಂದಿರ್ತಿದ್ರಲ್ಲ, ಅವಾಗಿಂದು."

ಅಷ್ಟು ಹೇಳಿ ಎದ್ದು ಸಂಜೆಯ ಬೇಳೆಗೆ ನೀರಿಟ್ಟರು.

ನನ್ನ ಪರೀಕ್ಷೆಯ ಫಲಿತಾಂಶ ಬಂದ ದಿನ ಪೇಡೆ ಹಿಡಿದು ಮೊದಲು ಹೋದದ್ದು ಅವರ ಹತ್ತಿರಕ್ಕೇ. ಊರಿನಲ್ಲಿ ಅಪ್ಪನಿಗೆ ಬಿ.ಎ. ಎಂದರೆ ಏನೆಂದು ಬಿಡಿಸಿ ಹೇಳಬೇಕಿತ್ತು. ಅಕ್ಕಾರಿಗೆ ಹೇಳಬೇಕಿರಲಿಲ್ಲ, ಎಷ್ಟೋ ಹುಡುಗರು ಅಲ್ಲಿ ಉಂಡು ಪಾಸಾಗಿದ್ದರು, ಎಷ್ಟೋ ಹುಡುಗರು ಉಂಡು ಫೇಲಾಗಿದ್ದರು. ಪೇಡೆ ಬಾಯಿಗೆ ಹಾಕಿಕೊಂಡು, "ನಾಕನೇ ರೊಟ್ಟಿ ನಿನಗೆ ಯಾವತ್ತೂ ಲೆಕ್ಕಕ್ಕೆ ಹಿಡೀಲಿಲ್ಲ ನೋಡು ನಾನು. ಈ ಬೀಯೇ ಐತಲ್ಲ, ಇದು ಆ ನಾಕನೇ ರೊಟ್ಟೀದು" ಎಂದರು. ಅಂದಿನಿಂದ ನಾನು ಅವರಿಗೆ ಬೀಯೇ ತಮ್ಮ.

ಹರಿಹರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಆ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರು. ಅದೇ ಕಟ್ಟಡದ ಮೇಲೆ ಒಂದು ಮನೆ ಖಾಲಿಯಾದಾಗ ಅದನ್ನು ಹಿಡಿದು ಅವ್ವನನ್ನು ಕರೆತಂದೆ. ಬೆಳಿಗ್ಗೆ ರೈಲಿಗೆ ಹೋಗುವುದು, ಸಂಜೆ ರೈಲಿಗೆ ಬರುವುದು. ಹೀಗೆ ಇದ್ದಾಗ ಸಾಹುಕಾರರು ಹೋದರು. ಗಂಡುಮಕ್ಕಳಿಬ್ಬರೂ ಆಸ್ತಿ ಪಾಲು ಮಾಡಿಕೊಂಡರು. ಕಟ್ಟಡ ಕಿರಿಯವನಿಗೆ, ಪಕ್ಕದ ಖಾಲಿ ಅಂಗಳ ಹಿರಿಯವನಿಗೆ ಬಂತು. ಕಿರಿಯವನಿಗೆ ಇದನ್ನು ಮಾರಿ ಬೇರೆ ಕಡೆ ವ್ಯಾಪಾರ ಹೂಡುವ ಮನಸ್ಸು. ಒಂದು ಸಂಜೆ ಬಂದು, "ಇಷ್ಟು ದಿನ ಇದ್ರಿ, ಚಲೋತು. ಇನ್ನ ಬ್ಯಾರೆ ಕಡೆ ನೋಡ್ಕೊಳ್ರಿ" ಎಂದು ಎಂಟೂ ಬಾಗಿಲಿಗೆ ಹೇಳಿಹೋದ.

ಆ ಸಂಜೆ ಯಾರಿಗೂ ಊಟ ಸೇರಲಿಲ್ಲ. ಅಕ್ಕಾರು ಮಾತ್ರ ಬಡಿಸುತ್ತ ಬಡಿಸುತ್ತ, "ಹೆಂಗೂ ಮಾರ್ತಾನಂತಲ್ಲ. ನಮಗೇ ಮಾರ್ಲಿ" ಎಂದರು.

ಮಿಲ್ಲಿನಲ್ಲಿ ಜಾಬರ್ ಎಂಬ ಮೇಸ್ತ್ರಿಕೆಯ ಹನುಮಂತಪ್ಪ, ಕೆಳಗಿನ ಹಿಂದಿನ ಮನೆಯವನು, ಜೋರಾಗಿ ನಕ್ಕ. "ಅಕ್ಕಾರೆ, ಚಟ್ನಿ ಖಾರ ನೆತ್ತಿಗೇರೈತೇನು? ನಮ್ಮ ಎಂಟೂ ಮಂದೀನ ಸಂತ್ಯಾಗ ನಿಲ್ಸಿ ಮಾರಿದ್ರೂ ಇದರ ಬಾಗ್ಲು ಬರಂಗಿಲ್ಲ."

"ಒಬ್ಬೊಬ್ರಿಗೆ ಬರಂಗಿಲ್ಲ. ಸಂಘ ಮಾಡಿದ್ರೆ ಸರ್ಕಾರ ಸಾಲ ಕೊಡ್ತೈತಂತೆ. ಕಂತಿನ ಮ್ಯಾಲೆ ತೀರ್ಸೋದು. ಸಹಕಾರದ ಇನ್‌ಸ್ಪೆಕ್ಟರ್ ಸಾಹೇಬ್ರು ಒಬ್ರು ಉಣ್ಣಾಕೆ ಬಂದಾಗ ಜತೆಯವರಿಗೆ ಹೇಳ್ತಿದ್ರು. ನಾನು ಎಣ್ಣೆಗಾಯಿ ಬಡಿಸ್ತಿದ್ದೆ. ಕೈಗೆ ಕೆಲಸ ಇತ್ತು, ಕಿವಿ ಖಾಲಿ ಇತ್ತು. ಕೇಳಿಸ್ಕೊಂಡೆ." ನನ್ನ ಕಡೆ ಸಟ್ಟುಗ ತೋರಿಸಿದರು. "ಬರಿಯಾಕೆ ಬೀಯೇ ತಮ್ಮ ಅದಾನಲ್ಲ."

ಹೀಗೆ ನಾನು ಕಾರ್ಯದರ್ಶಿಯಾದೆ. ಅಂದು ಎಂಥಾ ಹೆಮ್ಮೆ! ಪೆನ್ನಿಗೆ ಮಸಿ ತುಂಬಿಕೊಂಡು ಬಂದಿದ್ದೆ. ಈಗ ಯಾರಾದರೂ ಆ ಪದವಿ ಕೇಳಿದರೆ ಮಸಿ, ಪೆನ್ನು, ಕುರ್ಚಿ ಸಮೇತ ಕೊಟ್ಟೇನು. ಕೇಳುವವರಿಲ್ಲ.

ಅಣ್ಣ ಬಂದು ಎಮ್ಮೆಯ ಮಾತಾಡಿದ್ದು ಆ ವಾರವೇ. ಕೆಟ್ಟ ಮನುಷ್ಯರಲ್ಲ ಅವರು. ತಂಗಿ ಬೆಂಕಿಯ ಮುಂದೆ ಮುದುಕಿಯಾಗುತ್ತಿದ್ದಾಳೆ ಎಂಬ ಸಂಕಟ. ಉಂಡು ಮುಗಿಸಿ ಕೈ ಒರೆಸಿಕೊಳ್ಳುತ್ತ, "ನನ್ನ ಮನ್ಯಾಗ ನಿನಗೆ ಏನ್ ಕಮ್ಮಿ ಐತೆ, ಅದಾರ ಹೇಳು" ಎಂದು ಮೆತ್ತಗೆ ಕೇಳಿದರು.

"ಏನೂ ಕಮ್ಮಿ ಇಲ್ಲಣ್ಣಾ. ಅದು ನಿನ್ನ ಮನೆ. ನನಗೆ ಬೇಕಾಗಿರೋದು ಒಂದೇ. ಖಾಲಿ ಮಾಡು ಅಂತ ಇನ್ನ ಯಾರೂ ನನಗೆ ಅನ್ನಬಾರ್ದು. ಅಂಥಾದ್ದು ಒಂದು ಪತ್ರ ನನ್ನ ಕೈಗೆ ಬರ್ಬೇಕು. ಆಮ್ಯಾಲೆ ಇದ್ರೂ ನಡೀತೈತೆ, ಹೋದ್ರೂ ನಡೀತೈತೆ."

ಸಂಘ ರಿಜಿಸ್ಟರ್ ಆಯಿತು. ಸಾಲ ಬಂದ ಮೇಲೆ ದುಡ್ಡು ತೆಗೆದುಕೊಳ್ಳಲು ಸಾಹುಕಾರರ ಕಿರಿಯ ಮಗ ಒಪ್ಪಿದ. ಕ್ರಯದ ಕರಾರು ಬರೆಸಲು ಹೋದೆವು. ಪತ್ರ ಬರೆಯುವವರು ದೊಡ್ಡ ರುಮಾಲಿನ ಮುದುಕರು. ತಾಲ್ಲೂಕಿನ ಅರ್ಧ ಮನೆಗಳು ಅವರ ಕೈಬರಹದಲ್ಲೇ ಕೈ ಬದಲಾಯಿಸಿದ್ದವು. ಅವರು ಇಡೀ ಕಟ್ಟಡವನ್ನು ಸುತ್ತಿ, ಕಂಬ ಕಂಬ ಮುಟ್ಟಿ, ಕೆಳಗೆ ಇಂತಿಷ್ಟು ಅಂಕಣ, ಮೇಲೆ ಇಂತಿಷ್ಟು ಅಂಕಣ ಎಂದು ಬರೆದು, ಗಟ್ಟಿಯಾಗಿ ಓದಿ ಹೇಳಿದರು. ಎಂಟೂ ಜನ ತಮ್ಮ ತಮ್ಮ ಅಂಕಣ ಬಂದಾಗ ತಲೆ ಅಲ್ಲಾಡಿಸಿದೆವು. ಸಹಿ ಆಯಿತು, ಹೆಬ್ಬೆಟ್ಟು ಆಯಿತು.

ಬರೆಯದೆ ಬಿಟ್ಟದ್ದು ಮೆಟ್ಟಿಲನ್ನು. ಮೇಲಿನ ಮನೆಗಳಿಗೆ ಹತ್ತುವ ಕಲ್ಲಿನ ಮೆಟ್ಟಿಲು ಹೊರಗೋಡೆಗೆ ಅಂಟಿಕೊಂಡು ಪಕ್ಕದ ಅಂಗಳದಲ್ಲಿತ್ತು. ಅದಕ್ಕೆ ಕಂಬವಿಲ್ಲ, ತೊಲೆಯಿಲ್ಲ. ಕಂಬ ತೊಲೆ ಇಲ್ಲದ್ದು ಅಂಕಣವಲ್ಲ. ಅಂಕಣವಲ್ಲದ್ದನ್ನು ಆ ಮುದುಕರು ತಮ್ಮ ಜನ್ಮದಲ್ಲೇ ಬರೆದವರಲ್ಲ. ಕೇಳುತ್ತಿದ್ದ ನಮಗೂ ಮನೆಯೆಂದರೆ ಅಂಕಣ. ದಿನಾ ಹತ್ತಿ ಇಳಿಯುವ ಮೆಟ್ಟಿಲು ಮನೆಯೊಳಗೆ ಸೇರಿದ್ದೋ ಅಲ್ಲವೋ ಎಂಬ ಯೋಚನೆ ಯಾರ ತಲೆಗೂ ಬರಲಿಲ್ಲ.

ಬಂದದ್ದು ಸಾಹುಕಾರರ ಹಿರಿಯ ಮಗನಿಗೆ. ಅಂಗಳ ಅವನ ಪಾಲಿಗೆ ಬಂದಿತ್ತಲ್ಲ, ಅಲ್ಲಿ ಗೋದಾಮು ಕಟ್ಟಿಸಲು ಹೊರಟ. ಒಂದು ಬೆಳಿಗ್ಗೆ ಆಳುಗಳು ಮೆಟ್ಟಿಲನ್ನು ಕಿತ್ತುಹಾಕಿದರು. ನಾವು ಓಡಿಹೋಗಿ ಕೂಗಾಡಿದೆವು. ಅವನು ಕೂಗಾಡಲಿಲ್ಲ. "ನಿಮ್ಮ ಪತ್ರದಾಗ ಮೆಟ್ಲು ಎಲ್ಲೈತೆ ತೋರಿಸ್ರಿ, ಇವತ್ತೇ ಕಟ್ಟಿಸಿಕೊಡ್ತೀನಿ" ಎಂದ. ತೋರಿಸಲು ಇರಲಿಲ್ಲ.

ಅಂದಿನಿಂದ ಬಿದಿರಿನ ಏಣಿ. ನನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ತಂಬಿಗೆ ಹಿಡಿದು ಏಣಿ ಹತ್ತುತ್ತ, "ಮಗ ಬೀಯೇ ಮಾಡಿ ಅವ್ವನ್ನ ಮ್ಯಾಲಕ್ಕೆ ಹತ್ತಿಸ್ದ ನೋಡ್ರೇ" ಎಂದು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ನಗುವ ಸಂಗತಿಯಾಗಿ ಉಳಿಯಲಿಲ್ಲ ಅದು. ಸಾಲದ ತನಿಖೆಗೆ ಬಂದ ಅಧಿಕಾರಿ ಏಣಿಯನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಹತ್ತಲು ದಾರಿಯೇ ಇಲ್ಲದ ಮನೆಗೆ ಸಾಲ ಕೊಡಲು ಬರುವುದಿಲ್ಲ, ಕಟ್ಟಡದ ಒಳಗೆ ಮೆಟ್ಟಿಲು ಮಾಡಿಸಿ ತೋರಿಸಿ ಎಂದರು. ಮಾಡಿಸದಿದ್ದರೆ ಸಾಲವಿಲ್ಲ. ಸಾಲವಿಲ್ಲದಿದ್ದರೆ ಕರಾರು ಮುರಿಯುತ್ತದೆ. ಮುರಿದರೆ ಎಂಟೂ ಮನೆ ಖಾಲಿ.

ಒಳಗೆ ಎಂದರೆ ಕೆಳಗಿನ ನಾಲ್ವರಲ್ಲಿ ಒಬ್ಬರು ಒಂದು ಅಂಕಣ ಬಿಡಬೇಕು. ಯಾರು?

ಮೀಟಿಂಗು ಸೇರಿದ್ದು ಅಕ್ಕಾರ ಮುಂದಿನ ಅಂಕಣದಲ್ಲೇ, ಊಟದ ಹೊತ್ತಿಗೆ. ಹೆಂಗೂ ಸೇರಿದ್ದೀರಿ ಎಂದು ಅಕ್ಕಾರು ಎಲ್ಲರಿಗೂ ತಾಟು ಹಾಕಿದರು.

"ಮ್ಯಾಲೆ ಹತ್ತೋರು ಯಾರು? ನೀವು. ಜಾಗ ಬಿಡೋರು ಯಾಕ ನಾವು?" ಎಂದ ಹನುಮಂತಪ್ಪ. "ರೆಕ್ಕೆ ಕಟ್ಕೊಳ್ರಿ."

"ನಾವು ಹತ್ತದಿದ್ರೆ ನಿಮಗೂ ಸಾಲ ಇಲ್ಲಪಾ ಜಾಬರಾ" ಎಂದರು ಮೇಲಿನವರು. "ನಿಂದು ಹಿಂದಿನ ಅಂಕಣ ಹೆಂಗೂ ಕತ್ಲು. ಕೊಡು."

"ಕೊಟ್ಟು ನಾನು ಮಲಗೋದು ಎಲ್ಲಿ? ಮಿಲ್ಲಿನಾಗಾ? ರಾತ್ರಿಪಾಳಿ ಮಾಡಿ ಬಂದು ಕತ್ಲಾಗೇ ಮಲಗ್ಬೇಕು ನಾನು. ಕತ್ಲೂ ಬೇಕೇನ್ರಿ ನಿಮಗೆ?"

ಹೀಗೇ ನಡೆಯಿತು. ರೊಟ್ಟಿ ಮುಗಿದು ಅನ್ನಕ್ಕೆ ಬಂದರು, ಅನ್ನ ಮುಗಿದು ಮಜ್ಜಿಗೆಗೆ ಬಂದರು. ಕೈ ಒಣಗಿದರೂ ಯಾರೂ ಏಳಲೊಲ್ಲರು. ಅಕ್ಕಾರು ಮಜ್ಜಿಗೆಯ ಪಾತ್ರೆ ಹಿಡಿದು ಕಂಬದ ಪಕ್ಕ ನಿಂತಿದ್ದರು. ಕಂಬಕ್ಕೂ ಒರಗಿರಲಿಲ್ಲ. ಒಮ್ಮೆ ಕಣ್ಣು ಮುಚ್ಚಿ ತೆರೆದರು.

"ನಂದು ತಗೋರಿ ಅತ್ಲಾಗೆ" ಎಂದರು. "ಇದೇ ಅಂಕಣ ತಗೋರಿ. ಬ್ಯಾಗ ಏಳ್ರಿ, ತಾಟು ತಿಕ್ಕಬೇಕು. ನಳ ನಿಂತು ಹೋಗ್ತೈತೆ."

ಹನುಮಂತಪ್ಪನ ಮೋರೆ ಇಳಿಯಿತು. "ಊಟದ ಅಂಕಣ ಅಲ್ಲೇನ್ರೀ ಅಕ್ಕಾರೆ ಇದು? ಉಣ್ಣೋರನ್ನ ಎಲ್ಲಿ ಕುಂದ್ರಿಸ್ತೀರಿ?"

"ಮೆಟ್ಲಿನ ಕೆಳಗೆ. ನಿಮ್ಮನ್ನೆಲ್ಲ ನೋಡಿದ್ರೆ ಸ್ವಲ್ಪ ತಲೆ ಬಗ್ಗಿಸಿ ಉಣ್ಣೋದು ಕಲೀಬೇಕು ಅನಿಸ್ತೈತೆ."

ಆಮೇಲೆ ಯಾರಾದರೂ ಅದನ್ನು ತ್ಯಾಗ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ತ್ಯಾಗಾನೂ ಇಲ್ಲ ಗೀಗಾನೂ ಇಲ್ಲ. ನಿದ್ದೆ ಬಂದಿತ್ತು. ನೀವು ಏಳ್ತಿರಲಿಲ್ಲ" ಎನ್ನುತ್ತಿದ್ದರು. ನಿಜವೂ ಇರಬಹುದು. ಆದರೆ ಆ ಕಟ್ಟಡದಲ್ಲಿ ನಿದ್ದೆ ಎಲ್ಲರಿಗೂ ಬಂದಿತ್ತು.

ಮರದ ಮೆಟ್ಟಿಲು ಬಂತು, ಸಾಲ ಬಂತು, ಮನೆ ನಮ್ಮ ಸಂಘದ್ದಾಯಿತು. ನನ್ನವ್ವ ಗೃಹಪ್ರವೇಶ ಮಾಡದೆ ಬಿಡುವುದಿಲ್ಲ ಎಂದಳು. ಮಾಡುವುದಾದರೆ ಆಕಳು ಒಳಗೆ ಬರಲೇಬೇಕು. ಯಾರದೋ ಆಕಳನ್ನು ಅರಿಶಿನ ಕುಂಕುಮ ಹಚ್ಚಿ ಹೊಡೆದುಕೊಂಡು ಬಂದೆವು. ಅದು ಮೆಟ್ಟಿಲಿನವರೆಗೆ ಬಂತು, ಮೆಟ್ಟಿಲನ್ನು ಮೂಸಿ ನೋಡಿತು, ನಿಂತಿತು. ನಾನು ಕೊಂಬು ಹಿಡಿದು ಎಳೆದೆ, ಹನುಮಂತಪ್ಪ ಹಿಂದಿನಿಂದ ನೂಕಿದ. ಅವ್ವ ಮೇಲಿನಿಂದ ಬೆಲ್ಲ ತೋರಿಸಿದಳು. ಆಕಳು ಒಂದು ಕಾಲನ್ನೂ ಎತ್ತಲಿಲ್ಲ.

ಅಕ್ಕಾರು ಒಳಗಿನಿಂದ ಬಿಸಿ ರೊಟ್ಟಿ ತಂದು ಅದರ ಬಾಯಿಗೆ ಕೊಟ್ಟರು. "ಯಾಕ ಅದನ್ನ ಗೋಳಾಡಿಸ್ತೀರಿ? ಈ ಅಂಕಣ ಈಗ ಎಂಟೂ ಮಂದೀದು ಅಲ್ಲೇನು? ಇಲ್ಲಿ ಬಂದ್ರೆ ಎಂಟೂ ಮನೀಗೆ ಬಂದಂಗೆ."

ಆಕಳು ರೊಟ್ಟಿ ತಿಂದು, ಮೆಟ್ಟಿಲ ಬುಡದಲ್ಲೇ ಸಗಣಿ ಹಾಕಿತು. ಎಲ್ಲರೂ ಶುಭವಾಯಿತು ಎಂದರು, ಹಾಗೆಂದು ತಂತಮ್ಮ ಬಾಗಿಲಿಗೆ ನಡೆದರು. ಅಕ್ಕಾರು ಬಗ್ಗಿ ಎರಡೂ ಕೈಯಲ್ಲಿ ಬಳಿದರು. ಬಳಿಯುತ್ತ ನಗಲು ಶುರು ಮಾಡಿದವರು ಗೋಡೆ ಹಿಡಿಯದೆ, ನೆಲಕ್ಕೆ ಕೂತು ನಕ್ಕರು. "ನಮ್ಮಣ್ಣ ಕೇಳಿದ್ದಕ್ಕೆ ಉತ್ರ ಸಿಕ್ತು ನೋಡು ತಮ್ಮಾ. ಎಂಟು ಮಂದಿ ಎಮ್ಮೇದು."

ಕೂಡಿ ಕೊಳ್ಳುವುದು ಒಂದು, ಕೂಡಿ ಬಾಳುವುದು ಇನ್ನೊಂದು. ಮೆಟ್ಟಿಲಿಗೆ ಒಂದು ಬಲ್ಬು ಹಾಕಲು, ಅದರ ತಂತಿ ಯಾರ ಮನೆಯಿಂದ ಬರಬೇಕೆಂದು ನಾವು ಆಡಿದ ಮಾತಿಗೆ ಒಂದು ಸಂಸತ್ತು ನಡೆಯುತ್ತಿತ್ತು. ತೀರ್ಮಾನವಾಗುವವರೆಗೆ ಅಕ್ಕಾರ ಲಾಟೀನು 'ಸದ್ಯಕ್ಕೆ' ಅಲ್ಲಿ ತೂಗುತ್ತಿತ್ತು. ಆ ಸದ್ಯ ಕೆಲವು ವರ್ಷ ನಡೆಯಿತು. ಮೇಲೆ ಯಾರಾದರೂ ಬೀಸುವ ಕಲ್ಲಿಗೆ ಕೂತರೆ ಕೆಳಗಿನವರ ಮಾಳಿಗೆಯ ಮಣ್ಣು ಅನ್ನಕ್ಕೆ ಉದುರುತ್ತಿತ್ತು. ಮೇಲೆ ನೀರು ಚೆಲ್ಲಿದರೆ ಕೆಳಗೆ ಜಗಳ. ಪ್ರತಿಯೊಂದಕ್ಕೂ ಕಾರ್ಯದರ್ಶಿಯನ್ನು ಕರೆಯುವುದು. ರೈಲಿನಿಂದ ಇಳಿದು ಬರುವಾಗ ದೂರದಿಂದಲೇ ಬಾಗಿಲಲ್ಲಿ ಜನ ನಿಂತದ್ದು ಕಂಡರೆ, ಹಾಗೇ ತಿರುಗಿ ಹರಿಹರಕ್ಕೆ ಹೋಗಿಬಿಡೋಣ ಅನಿಸುತ್ತಿತ್ತು.

ಅಕ್ಕಾರ ಖಾನಾವಳಿ ಮೆಟ್ಟಿಲ ಕೆಳಗೆ ನಡೆಯಿತು. ಎಂಟು ಮನೆಯವರ ಚಪ್ಪಲಿಯ ಧೂಳು ತಾಟಿಗೆ ಬೀಳದಿರಲೆಂದು ಹಳೆಯ ಸೀರೆಯೊಂದನ್ನು ಚಪ್ಪರದ ಹಾಗೆ ಕಟ್ಟಿದರು. ಎತ್ತರದವರು ಮೊದಲ ಮೆಟ್ಟಿಲುಗಳ ಕಡೆ ಕೂರುವಂತಿಲ್ಲ, ಅಲ್ಲಿ ಗಿಡ್ಡವರು. "ನಿನ್ನ ಜಾಗ ಅಲ್ಲ ಅದು, ಈ ಕಡೆ ಬಾ, ತಲೆ ಒಡಕೊಳ್ತೀಯ" ಎಂದು ಆಳಿನ ಎತ್ತರ ನೋಡಿ ಸಾಲು ಮಾಡುತ್ತಿದ್ದರು. ಹೆಜ್ಜೆ ಕೇಳಿಯೇ ಯಾರೆಂದು ಹೇಳುತ್ತಿದ್ದರು. ಆಫೀಸಿನಲ್ಲಿ ಮೇಲಿನವರಿಂದ ಬೈಸಿಕೊಂಡು ಬಂದ ದಿನ ನಾನು ಮೆಟ್ಟಿಲು ಹತ್ತುತ್ತಿದ್ದರೆ ಕೆಳಗಿನಿಂದ, "ಏನ್ ತಮ್ಮಾ, ಇವತ್ತು ಸಾಹೇಬನ್ನೂ ಹೊತ್ಕೊಂಡು ಬಂದಂಗೈತೆ?" ಎಂದು ದನಿ ಬರುತ್ತಿತ್ತು.

ಆದರೂ ಬೀದಿಯ ಬೆಳಕು ಹೋಯಿತು, ಜಾಗ ಅರ್ಧವಾಯಿತು. ಉಣ್ಣುವವರು ಬರಬರುತ್ತ ಕಡಿಮೆಯಾದರು. ಅಣ್ಣ ಬಂದಾಗ ಮೆಟ್ಟಿಲ ಕೆಳಗೆ ಕೂರಲೊಲ್ಲರು. "ಮಂದಿ ಕಾಲ್ಮೆಟ್ಟಿನ ಕೆಳಗೆ ಕುಂತು ನಾನು ಉಣ್ಣಂಗಿಲ್ಲವಾ" ಎಂದು ಒಲೆಯ ಹತ್ತಿರ ಹೊಗೆಯಲ್ಲಿ ಕೂತು, ಕಣ್ಣು ಒರೆಸಿಕೊಳ್ಳುತ್ತ ಉಂಡು ಹೋಗುತ್ತಿದ್ದರು. ಹೋಗುವಾಗ ನನ್ನನ್ನು ನೋಡಿ, "ನಿಮ್ಮ ಪತ್ರ ಎಲ್ಲಿಗೆ ಬಂತ್ರೀ ಬೀಯೇ ಸಾಹೇಬ್ರೆ?" ಎನ್ನುತ್ತಿದ್ದರು. ಆ ಮಾತಿನಲ್ಲಿ ಮೊನಚಿತ್ತು.

ಪತ್ರ ಬರುತ್ತಿರಲಿಲ್ಲ. ಎಂಟು ಜನರ ಸಾಲ ಪೂರ್ತಿ ತೀರಿದ ಮೇಲೆಯೇ ಒಬ್ಬೊಬ್ಬರ ಹೆಸರಿಗೆ ಸರ್ಟಿಫಿಕೇಟು ಎಂಬುದು ಕರಾರು. ಒಬ್ಬರ ಕಂತು ನಿಂತರೆ ಎಂಟೂ ಜನ ನಿಲ್ಲಬೇಕು. ಮಿಲ್ಲು ಕೆಲವು ಕಾಲ ನಿಂತಾಗ ಹನುಮಂತಪ್ಪನಿಗೆ ಕಂತು ಕಟ್ಟಲಾಗಲಿಲ್ಲ. ಮೇಲಿನವರು ಅವನನ್ನು ಬಿಡಿಸಿ ಬೇರೆಯವರನ್ನು ಸೇರಿಸಿಕೊಳ್ಳೋಣ ಎಂದರು. ಬರೆದುಕೊಂಡು ಬಂದ ಕಾಗದವನ್ನು ಸಹಿಗೆಂದು ಅಕ್ಕಾರ ಮುಂದೆ ಹಿಡಿದದ್ದು ನಾನೇ. ಅವರು ಹಿಟ್ಟಿನ ಕೈಯನ್ನು ಮೇಲೆತ್ತಿದರು, ಕಾಗದಕ್ಕೆ ತಾಗದ ಹಾಗೆ.

"ಇದ್ರಾಗ ಏನ್ ಬರದೈತೆ?"

ಓದಿದೆ.

"ಬಿಡಿಸಿ ಹೇಳು. ಖಾಲಿ ಮಾಡು ಅಂತ ತಾನೇ? ನನ್ನ ಕೈಲಿ ಹನುಮಂತಪ್ಪಗೆ ಅನ್ನಿಸ್ತೀರೇನು ಆ ಮಾತು?"

ನಾನು ಕಾಗದ ಮಡಿಚಿದೆ. ಹನುಮಂತಪ್ಪ ಮತ್ತೆ ಕಟ್ಟುವವರೆಗೆ ಎಲ್ಲರೂ ಕಾದೆವು. ಅಕ್ಕಾರೂ ಕಾದರು, ಊದಿದ ಕಾಲುಗಳನ್ನು ಅಂಕಣದ ನಡುವೆ ಚಾಚಿಕೊಂಡು, ಅಂಗೈ ಹಿಂದಕ್ಕೆ ಊರಿಕೊಂಡು. ಆ ಹೊತ್ತಿಗೆ ಆಗಾಗ ಅಂಗೈ ಎತ್ತಿ ಮುಂಗೈ ನೀವಿಕೊಳ್ಳುತ್ತಿದ್ದರು. "ಈಗ ಮನೆ ನಮ್ಮದೇ ಅಲ್ವೇ ಅಕ್ಕಾರೆ, ಒರಗಿ" ಎಂದರೆ, "ಪತ್ರ ಬರ್ಲಿ ತಡಿ. ಇನ್ನ ಸರ್ಕಾರದ ಗ್ವಾಡೆ ಅದು" ಎನ್ನುತ್ತಿದ್ದರು.

ಬಂತು. ಎಷ್ಟೋ ಓಡಾಟವಾದ ಮೇಲೆ, ನಾವು ಕೇಳುವುದನ್ನೇ ಬಿಟ್ಟಾಗ ಬಂತು. ಒಂದು ಭಾನುವಾರ ಎಂಟೂ ಮನೆಗೆ ಹಂಚುವುದೆಂದಾಯಿತು. ಮೊದಲನೆಯದು ಅಕ್ಕಾರಿಗೆ ಎಂದು ಹನುಮಂತಪ್ಪನೇ ಹೇಳಿದ. ಅಕ್ಕಾರು ಭಾನುವಳ್ಳಿಗೆ ಹೇಳಿಕಳಿಸಿದ್ದರು. ಅಣ್ಣ ಬಂದರು. ಆ ಕಡೆ ನೀರಾವರಿ ಚಾನೆಲ್ಲಿನ ನೀರು ಹರಿದು ಭತ್ತ ಆಗುತ್ತಿತ್ತು. ಹೊಸ ಅಕ್ಕಿಯ ಗಂಟು ಹೆಗಲ ಮೇಲಿತ್ತು. ಅವರಿಗೂ ವಯಸ್ಸಾಗಿತ್ತು. ಗಂಟು ಇಳಿಸಿ, ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದರು. ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬಂದು, ಯಾರೂ ಹೇಳದೆ ಮೆಟ್ಟಿಲ ಕೆಳಗೆ, ಸೀರೆಯ ಚಪ್ಪರದಡಿಯಲ್ಲಿ ಕೂತರು. ಅಕ್ಕಾರು ತಾಟು ತಂದಿಟ್ಟರು.

ನಾನು ಸರ್ಟಿಫಿಕೇಟನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ಅವರ ಹೆಸರು ಬಂದಾಗ ಅವರೇ ಒಂದು ಕ್ಷಣ ಯಾರದೋ ಹೆಸರೆಂಬಂತೆ ನನ್ನ ಮುಖ ನೋಡಿದರು.

"ಖಾಲಿ ಮಾಡು ಅನ್ನಾಕೆ ಬರಂಗಿಲ್ಲ ಅಂತ ಎಲ್ಲಿ ಬರದೈತೆ ತಮ್ಮಾ?"

"ಹಂಗನ್ನೋ ಹಕ್ಕು ಇನ್ನ ಯಾರಿಗೂ ಇಲ್ಲ, ಅದೇ ಅಕ್ಕಾರೆ ಈ ಪತ್ರ. ಎರಡು ಅಂಕಣ ನಿಮ್ಮವು."

"ಈ ಮೆಟ್ಲಿಂದು?" ಎಂದರು ಅಣ್ಣ, ತುತ್ತು ಕೈಯಲ್ಲೇ ಹಿಡಿದು.

"ಅದು ಎಂಟೂ ಮಂದೀದು."

ಅಣ್ಣ ತಲೆಯ ಮೇಲಿನ ಸೀರೆಯನ್ನು ನೋಡಿದರು. ತುತ್ತು ಬಾಯಿಗಿಟ್ಟುಕೊಂಡರು.

ಅಕ್ಕಾರು ಸೆರಗಿಗೆ ಕೈ ಒರೆಸಿದರು, ಮತ್ತೆ ಒರೆಸಿದರು, ಆಮೇಲೆ ಸರ್ಟಿಫಿಕೇಟನ್ನು ನನ್ನ ಕೈಯಿಂದ ತೆಗೆದುಕೊಂಡರು. ಹಿಡಿದುಕೊಂಡೇ ಅಣ್ಣನ ಎದುರಿಗೆ ಕೂತರು. ಕಾಲು ಚಾಚಿದರು. ಅಂಗೈ ಊರಲು ಹೋದರೆ ಕೈಯಲ್ಲಿ ಪತ್ರವಿತ್ತು. ಊರಲು ಕೈಯಿಲ್ಲದೆ ಬೆನ್ನು ತಾನಾಗಿ ಹಿಂದಕ್ಕೆ ಹೋಯಿತು, ತಲೆ ಗೋಡೆಗೆ ತಾಗಿತು. ತಾಗಿದ್ದೇ ತಡ, ಬೆಂಕಿ ಮುಟ್ಟಿದವರಂತೆ ಮುಂದಕ್ಕೆ ಬಂದು, ಹೊರಳಿ ಗೋಡೆಯನ್ನು ನೋಡಿ, ಸೆರಗಿನ ತುದಿಯಿಂದ ಆ ಜಾಗವನ್ನು ಗಸಗಸ ಉಜ್ಜತೊಡಗಿದರು.

ಅಣ್ಣ ಉಣ್ಣುವುದನ್ನು ನಿಲ್ಲಿಸಿ, ಎಡಗೈ ಚಾಚಿ ತಂಗಿಯ ಆ ಕೈಯನ್ನು ಹಿಡಿದರು.

"ಕಲೆ ಆದ್ರೆ ಆಗ್ಲಿ ಬಿಡವಾ. ಒರಗು. ಗ್ವಾಡೆ ನಿಂದು."